ಬಸುರಿಯ ತಟ್ಟೆಯಲ್ಲಿ ಮುದ್ದೆ ಎಷ್ಟಿರಬೇಕು

ಮಂಡ್ಯ ಸೀಮೆಯಲ್ಲಿ ಬಸುರಿಗೆ ಸಿಗುವಷ್ಟು ಊಟದ ಸಲಹೆ ಇನ್ಯಾರಿಗೂ ಸಿಗುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು, ಶಾಲೆಯಲ್ಲಿ ಬಿಸಿಯೂಟ ಮಾಡುವವರು, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ, ಎಲ್ಲರ ಬಳಿಯೂ ಒಂದೊಂದು ಮಾತಿರುತ್ತದೆ. ಕೆಲವರು "ಇಬ್ಬರ ಊಟ ಉಣ್ಣಬೇಕು" ಎನ್ನುತ್ತಾರೆ. ಇನ್ನು ಕೆಲವರು "ಕೂಸು ದಪ್ಪವಾದರೆ ಹೆರಿಗೆ ಕಷ್ಟ, ಬಾಯಿ ಕಟ್ಟು" ಎನ್ನುತ್ತಾರೆ. ಎರಡನ್ನೂ ಪ್ರೀತಿಯಿಂದಲೇ ಹೇಳುತ್ತಾರೆ. ನನ್ನ ಮೊದಲ ಬಸುರಿನಲ್ಲಿ ಈ ಎರಡು ಮಾತುಗಳ ನಡುವೆ ದಾರಿ ಹುಡುಕಿಕೊಂಡು, ನಮ್ಮ ಮನೆಯ ಅಡುಗೆಯೊಳಗೇ ಒಂದು ಊಟದ ಕ್ರಮ ಕಟ್ಟಿಕೊಂಡೆ. ಬೇರೆಯವರಿಗೂ ಉಪಯೋಗವಾಗಲಿ ಎಂದು ಅದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಹಳ್ಳಿ. ಸುತ್ತ ಕಬ್ಬು, ಭತ್ತ, ಅಲ್ಲಲ್ಲಿ ಆಲೆಮನೆ. ನಾನು ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಮನೆಯ ಅಡುಗೆ ಅತ್ತೆಯವರ ಕೈಯಲ್ಲಿದೆ. ತವರು ಮೈಸೂರು.

ಮೊದಲ ಮೂರು ತಿಂಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಗ್ಗರಣೆಯ ವಾಸನೆಗೇ ವಾಂತಿ ಬರುತ್ತಿತ್ತು. ಕಡಲೆಪುರಿ, ಮಜ್ಜಿಗೆ ಅನ್ನ, ಶುಂಠಿ ಹಾಕಿದ ನಿಂಬೆ ಪಾನಕ, ಇಷ್ಟರಲ್ಲೇ ದಿನ ಸಾಗಿತು. "ಈಗ ಹೆಚ್ಚು ತಿನ್ನಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ. ಹೊಟ್ಟೆಯಲ್ಲಿ ನಿಂತದ್ದನ್ನು ತಿನ್ನಿ, ಫೋಲಿಕ್ ಆಮ್ಲದ ಮಾತ್ರೆ ಮಾತ್ರ ತಪ್ಪಿಸಬೇಡಿ" ಎಂದು ಡಾಕ್ಟರಮ್ಮ ಹೇಳಿದರು. ಮಗುವಿನ ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವುದು ಆ ಮೊದಲ ವಾರಗಳಲ್ಲೇ ಆದ್ದರಿಂದ, ಸಾಧ್ಯವಾದರೆ ಬಸುರಾಗುವ ಮೊದಲೇ ಆ ಮಾತ್ರೆ ಶುರು ಮಾಡಬೇಕಂತೆ. ಮದುವೆಯಾದ ನನ್ನ ತಂಗಿಯರಿಗೆಲ್ಲ ಈಗ ನಾನು ಮೊದಲು ಹೇಳುವುದು ಇದನ್ನೇ.

ನಾಲ್ಕನೇ ತಿಂಗಳಲ್ಲಿ ವಾಂತಿ ನಿಂತು ಹಸಿವು ಶುರುವಾಯಿತು. "ಇಬ್ಬರ ಊಟ" ಎಂದರೆ ನಿಜಕ್ಕೂ ಎಷ್ಟು ಎಂಬುದು ನನಗೆ ಗೊತ್ತಾದದ್ದು ಆಗಲೇ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದ ಪ್ರಕಾರ ನಾಲ್ಕನೇ ತಿಂಗಳಿನಿಂದಾಚೆಗೆ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು ಸುಮಾರು 350 ಕ್ಯಾಲೊರಿ. ನಮ್ಮ ಊಟದ ಲೆಕ್ಕದಲ್ಲಿ ಅದು ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ಅಷ್ಟೇ. ಎರಡನೆಯ ಮುದ್ದೆಯೂ ಅಲ್ಲ, ಇನ್ನೆರಡು ಸೌಟು ಅನ್ನವೂ ಅಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಬೇಕಿರುವುದು ಹೆಚ್ಚು ಅನ್ನವಲ್ಲ. ಪ್ರೋಟೀನು, ಕಬ್ಬಿಣ, ಸುಣ್ಣದ ಅಂಶ. ಇದನ್ನು ಅತ್ತೆಯವರಿಗೆ ಹೇಳಿದಾಗ ಅವರು, "ಇಷ್ಟಕ್ಕೆ ಇಬ್ಬರ ಊಟ ಅನ್ನುತ್ತಾರೆಯೇ" ಎಂದು ಬಹಳ ಹೊತ್ತು ಒಪ್ಪಲಿಲ್ಲ.

ಅದೇ ತಿಂಗಳು ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಬಂತು. ಬಸುರಿಗೆ ಅದು 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಅರ್ಥ. ಮನೆಯಲ್ಲಿ ಬೀಟ್‌ರೂಟ್, ಖರ್ಜೂರ, ಆಲೆಮನೆಯ ಹೊಸ ಬೆಲ್ಲ ಬಂದು ಕುಳಿತವು. ಬೆಲ್ಲ ತಿಂದರೆ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬಲವಾಗಿದೆ, ಬೆಳೆಯುವವರೂ ನಾವೇ ಅಲ್ಲವೇ. ಬೆಲ್ಲದಲ್ಲಿ ಕಬ್ಬಿಣ ಇದೆ, ಆದರೆ ಒಂದು ಅಚ್ಚು ಬೆಲ್ಲದಿಂದ ಸಿಗುವುದು ಅತ್ಯಲ್ಪ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದನ್ನು ಕನಿಷ್ಠ 180 ದಿನ ತೆಗೆದುಕೊಳ್ಳಬೇಕು. ನನಗೆ ರಕ್ತ ಕಡಿಮೆ ಇದ್ದುದರಿಂದ ದಿನಕ್ಕೆರಡು ಬರೆದುಕೊಟ್ಟರು.

ಮಾತ್ರೆ ನುಂಗುವುದಕ್ಕೂ ಒಂದು ಕ್ರಮ ಇದೆ, ಅದನ್ನು ಮಾತ್ರ ಯಾರೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಂಡರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಹಾಲು, ಕಾಫಿ, ಟೀ ಜೊತೆಗೂ ಹಾಗೆಯೇ. ಕ್ಯಾಲ್ಸಿಯಂ ಅನ್ನು ಬೆಳಗಿನ ತಿಂಡಿ ಮತ್ತು ರಾತ್ರಿ ಊಟದ ಜೊತೆಗೆ ಇಟ್ಟುಕೊಂಡೆ. ಕಬ್ಬಿಣದ ಮಾತ್ರೆಗಳು ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಸಂಜೆ, ಒಂದು ಸೀಬೆಹಣ್ಣಿನ ಹೋಳು ಅಥವಾ ಸಕ್ಕರೆ ಹಾಕದ ನಿಂಬೆ ನೀರಿನ ಜೊತೆಗೆ. ಹುಳಿ ಹಣ್ಣುಗಳಲ್ಲಿರುವ ವಿಟಮಿನ್ ಸಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಕಾಫಿಯನ್ನು ದಿನಕ್ಕೆ ಒಂದು ಲೋಟಕ್ಕೆ ಇಳಿಸಿ, ಊಟ-ತಿಂಡಿಯಿಂದ ಒಂದು ಗಂಟೆ ದೂರ ಇಟ್ಟೆ. ಮೈಸೂರಿನ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ತಿಂಡಿಯ ತಟ್ಟೆಯ ಪಕ್ಕದಿಂದ ಕಾಫಿ ಎತ್ತಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ಮಲಬದ್ಧತೆಗೆ ಸೊಪ್ಪು ಮತ್ತು ನೀರು ಸಾಕಾಯಿತು. ಕುರಿಯ ಈಲಿ ತಿಂದರೆ ರಕ್ತ ಬರುತ್ತದೆ ಎಂದು ಮಾವ ತರಲು ಹೊರಟಿದ್ದರು. ಅದರಲ್ಲಿ ವಿಟಮಿನ್ ಎ ವಿಪರೀತ ಇರುವುದರಿಂದ ಬಸುರಿಯರು ಪದೇ ಪದೇ ತಿನ್ನಬಾರದು ಎಂದು ಡಾಕ್ಟರಮ್ಮ ಹೇಳಿದ ಮೇಲೆ ಅದರ ಬದಲು ನಾಟಿ ಕೋಳಿ ಸಾರು ಬಂತು.

ಡಿಸೆಂಬರ್ ತಿಂಗಳಲ್ಲಿ, ಇಪ್ಪತ್ತಾರನೇ ವಾರದಲ್ಲಿ, ಸಕ್ಕರೆಯ ಪರೀಕ್ಷೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ. ನನಗೆ 156 ಬಂತು. ಇಪ್ಪತ್ತೆಂಟು ವರ್ಷಕ್ಕೆ ಶುಗರ್ ಬಂದೇಬಿಟ್ಟಿತೇ ಎಂದು ಕುಳಿತಲ್ಲೇ ಕಣ್ಣು ತುಂಬಿ ಬಂತು.

ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮಾಸು, ಅಂದರೆ ಪ್ಲಾಸೆಂಟಾ, ಸ್ರವಿಸುವ ಹಾರ್ಮೋನುಗಳು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ತಿಂಗಳು ತುಂಬುತ್ತಾ ಹೋದಂತೆ ಈ ಅಡ್ಡಿ ಹೆಚ್ಚುತ್ತದೆ. ತಾಯಿಯ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮಗುವಿಗೂ ಹೋಗುತ್ತದೆ. ಅದನ್ನು ತಡೆಯಲು ಮಗುವಿನ ಮೈ ತಾನೇ ಇನ್ಸುಲಿನ್ ಹೆಚ್ಚಿಸಿಕೊಳ್ಳುತ್ತದೆ, ಮಗು ಅಳತೆ ಮೀರಿ ದಪ್ಪವಾಗುತ್ತದೆ, ಹುಟ್ಟಿದ ತಕ್ಷಣ ಅದರ ಸಕ್ಕರೆ ಕುಸಿಯುವ ಅಪಾಯವಿರುತ್ತದೆ. "ಎರಡು ವಾರ ಊಟದಿಂದಲೇ ಹತೋಟಿಗೆ ತರಲು ನೋಡೋಣ. ಊಟವಾದ ಎರಡು ಗಂಟೆಗೆ 120ರೊಳಗೆ ಬರದಿದ್ದರೆ ಇನ್ಸುಲಿನ್ ಕೊಡುತ್ತೇನೆ. ಎರಡಕ್ಕೂ ಹೆದರಬೇಡಿ" ಎಂದರು.

ಅಲ್ಲಿಂದ ಹೊರಬರುವಾಗ ಕೈಗೊಂದು ಅಚ್ಚಾದ ಊಟದ ಪಟ್ಟಿ ಸಿಕ್ಕಿತು. ಓಟ್ಸ್, ಗೋಧಿ ಬ್ರೆಡ್, ಬ್ರೊಕೋಲಿ, ಬಾದಾಮಿ ಹಾಲು, ಮಧ್ಯಾಹ್ನ ಎರಡು ಚಪಾತಿ. ಮಂಡ್ಯದ ಹೆಂಗಸರಿಗೆ ಕೊಡುವ ಪಟ್ಟಿಯಲ್ಲಿ ಮುದ್ದೆಯೂ ಇಲ್ಲ, ಸೊಪ್ಪಿನ ಸಾರೂ ಇಲ್ಲ! ಇದು ಸಣ್ಣ ವಿಷಯವಲ್ಲ. ಆ ಪಟ್ಟಿ ಹಿಡಿದು ಹಳ್ಳಿಗೆ ಹೋದ ಸೊಸೆಗೆ ಎರಡೇ ದಾರಿ ಉಳಿಯುತ್ತದೆ: ಮನೆಯವರ ಅಡುಗೆ ಬಿಟ್ಟು ತನಗೊಂದು ಬೇರೆ ಅಡುಗೆ ಮಾಡಿಕೊಳ್ಳುವುದು, ಇಲ್ಲವೇ ಪಟ್ಟಿಯನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸುವುದು. ಹೆಚ್ಚಿನವರು ಎರಡನೆಯದನ್ನೇ ಮಾಡುತ್ತಾರೆ. ಯಾರು ಬರೆದರೋ ಅವರು ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕುಳಿತಿದ್ದರೆ ಬೇರೆ ಪಟ್ಟಿ ಬರೆಯುತ್ತಿದ್ದರು ಎಂದು ಇಂದಿಗೂ ಅನ್ನಿಸುತ್ತದೆ.

ಮುಂದಿನ ಭೇಟಿಗೆ ಅತ್ತೆಯವರನ್ನು ಜೊತೆಗೆ ಕರೆದುಕೊಂಡು ಹೋದೆ. ಅವರ ಮನಸ್ಸಿನಲ್ಲಿದ್ದ ಭಯ ಅಲ್ಲಿಯೇ ಹೊರಬಂತು: "ಬಸುರಿ ಹೆಂಗಸಿಗೆ ಹಿಟ್ಟು ಕಡಿಮೆ ಹಾಕಿದರೆ, ಸೊಸೆಯನ್ನು ಉಪವಾಸ ಕೆಡವಿದರು ಎಂದು ಅವರ ತಾಯಿ ಅಂದುಕೊಳ್ಳುವುದಿಲ್ಲವೇ ಡಾಕ್ಟರಮ್ಮ?" ಅದಕ್ಕೆ ಅವರು ಕೊಟ್ಟ ಉತ್ತರ ನಮ್ಮ ಮನೆಯ ಊಟವನ್ನೇ ತಿದ್ದಿತು. "ಊಟ ಕಡಿಮೆ ಮಾಡಬೇಡಿ ಅಮ್ಮ, ಹಂಚಿ ಕೊಡಿ. ಹಿಟ್ಟು ಸ್ವಲ್ಪ ಇಳಿಸಿ, ಕಾಳು-ಸೊಪ್ಪು ಹೆಚ್ಚಿಸಿ. ಮೂರು ಹೊತ್ತಿನದನ್ನು ಆರು ಹೊತ್ತು ಮಾಡಿ."

ಆಗ ಅವರೆಕಾಯಿಯ ಕಾಲ. ಮರುದಿನವೇ ಉಪ್ಸಾರು. ನಮ್ಮ ಕಡೆಯ ಉಪ್ಸಾರನ್ನು ಕಾಣದವರಿಗಾಗಿ ಹೇಳುತ್ತೇನೆ: ಹಸಿ ಅವರೆಕಾಳನ್ನೂ ದಂಟಿನ ಸೊಪ್ಪನ್ನೂ ಉಪ್ಪು ಹಾಕಿ ಬೇಯಿಸಿ, ನೀರನ್ನು ಬಸಿದಿಡುತ್ತಾರೆ. ಆ ಬಸಿದ ನೀರೇ ಸಾರು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಸೇರಿಸಿ ಒರಳಿನಲ್ಲಿ ಅರೆದ ಖಾರವನ್ನು ತಟ್ಟೆಯ ಅಂಚಿಗೆ ಇಟ್ಟುಕೊಂಡು, ಬೇಕಾದಷ್ಟು ಸಾರಿಗೆ ಕಲಸಿಕೊಳ್ಳುತ್ತಾರೆ. ಬೆಂದ ಕಾಳು-ಸೊಪ್ಪಿಗೆ ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಕಾಳಿನಲ್ಲಿ ಪ್ರೋಟೀನು, ಸೊಪ್ಪಿನಲ್ಲಿ ಕಬ್ಬಿಣ ಮತ್ತು ನಾರು, ಬಸಿದ ನೀರು ಹೊರಗೆ ಚೆಲ್ಲಿಹೋಗದೆ ಹೊಟ್ಟೆಗೇ ಸೇರುತ್ತದೆ, ಮೇಲೆ ಹುಣಸೆಯ ಹುಳಿ. ಬಸುರಿಗೆ ಇದಕ್ಕಿಂತ ಒಳ್ಳೆಯ ಅಡುಗೆ ನನಗಂತೂ ಗೊತ್ತಿಲ್ಲ. ಆದರೆ ನಾವು ಅದನ್ನು ಬಡಿಸಿಕೊಳ್ಳುವ ರೀತಿಯಲ್ಲಿ ದೊಡ್ಡ ಮುದ್ದೆ ನಡುವೆ ಕೂರುತ್ತದೆ, ಸಾರು ಸುತ್ತ ಹರಿಯುತ್ತದೆ, ಪಲ್ಯ ಒಂದು ಚಮಚದಷ್ಟು ಮೂಲೆಯಲ್ಲಿರುತ್ತದೆ. ಗದ್ದೆಯಲ್ಲಿ ದಿನವಿಡೀ ದುಡಿಯುವವರಿಗೆ ಅದು ಸರಿ. ಕುರ್ಚಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುವ ಬಸುರಿಗೆ ಸರಿಯಲ್ಲ.

ಅತ್ತೆಯವರು ಎಂದಿನಂತೆ ಎಸರಿಗೆ ಹಿಟ್ಟು ಹಾಕಿ ಕೋಲಿನಲ್ಲಿ ತಿರುವಿ, ಅಂಗೈಗೆ ನೀರು ಹಚ್ಚಿಕೊಂಡು ಮಣೆಯ ಮೇಲೆ ಮುದ್ದೆ ಕಟ್ಟಿದರು. ನನ್ನದನ್ನು ಕಟ್ಟುವಾಗ ಕೈ ತಡೆಯಿತು. ಒಂದು ಪಾಲು ಮುರಿದರು, ಉಳಿದದ್ದನ್ನು ಮತ್ತೆ ದುಂಡಗೆ ಉರುಟಿ ನೋಡಿದರು, ಇನ್ನೊಂದು ಚೂರು ತೆಗೆದರು. ಕೊನೆಗೆ ಮೊಸರಿನ ಸಣ್ಣ ಸ್ಟೀಲ್ ಬಟ್ಟಲೊಳಗೆ ಅದನ್ನು ಕೂರಿಸಿ, "ಇನ್ನು ಮೇಲೆ ಇದೇ ನಿನ್ನ ಅಳತೆ ಕಣವ್ವ" ಎಂದರು. ಪಲ್ಯಕ್ಕೆ ದೊಡ್ಡ ಬಟ್ಟಲು ಬಂತು. ಮೊದಲು ಪಲ್ಯ ಅರ್ಧ ಮುಗಿಸಬೇಕು, ಆಮೇಲೆ ಮುದ್ದೆ ಮುಟ್ಟಬೇಕು ಎಂಬುದು ನಾನೇ ಹಾಕಿಕೊಂಡ ನಿಯಮ.

ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ಮನೆಗೆ ಬಂದ ಮೇಲೆ ವಾದಗಳೆಲ್ಲ ಮುಗಿದವು. ದೊಡ್ಡ ಮುದ್ದೆ ಮತ್ತು ಬರೀ ಸಾರು: ಎರಡು ಗಂಟೆಯ ನಂತರ 148. ಬಟ್ಟಲಿನ ಮುದ್ದೆ, ದೊಡ್ಡ ಬಟ್ಟಲು ಅವರೆಕಾಳು-ಸೊಪ್ಪಿನ ಪಲ್ಯ, ಊಟದ ಮೇಲೆ ಅಂಗಳದಲ್ಲಿ ಕಾಲು ಗಂಟೆ ನಡಿಗೆ: 112. ಅನ್ನ-ತಿಳಿಸಾರು 160 ದಾಟಿತು. ರಾಗಿ ಗಂಜಿಯೂ ಏರಿಸಿತು. "ರಾಗಿ ತಿಂದವ ನಿರೋಗಿ" ಎಂಬ ಗಾದೆಯನ್ನು ನಂಬಿಕೊಂಡು, ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ರಾಗಿ ಒಳ್ಳೆಯ ಧಾನ್ಯವೇ. ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಧಾನ್ಯ ಬೇರೆ ಯಾವುದಿದೆ? ಆದರೂ ಅದು ಹಿಟ್ಟೇ. ನುಣ್ಣಗೆ ಬೀಸಿ ಗಂಜಿ ಕಾಯಿಸಿದರೆ ಬೇಗ ರಕ್ತಕ್ಕೆ ಸೇರುತ್ತದೆ, ಕಾಳಿನ ಜೊತೆಗೆ ತಿಂದರೆ ನಿಧಾನವಾಗುತ್ತದೆ. ಇದು ನನ್ನ ಮೈಯ ಲೆಕ್ಕ. ಇನ್ನೊಬ್ಬರಿಗೆ ಬೇರೆ ಅಂಕಿ ಬರಬಹುದು, ಅದಕ್ಕೇ ಯಂತ್ರದಲ್ಲಿ ನೋಡಿಕೊಳ್ಳಬೇಕು.

ಭಾನುವಾರ ಸಂಜೆ ವಾರದ ಅಡುಗೆಯನ್ನು ಅತ್ತೆಯವರೂ ನಾನೂ ಕುಳಿತು ಗೊತ್ತು ಮಾಡುತ್ತಿದ್ದೆವು. ಅದರಲ್ಲಿ ಮುಖ್ಯವಾದದ್ದು ಕಾಳು ನೆನೆಹಾಕುವುದು. ರಾತ್ರಿ ನೆನೆಹಾಕಲು ಮರೆತರೆ ಮರುದಿನ ತಿಳಿಸಾರೇ ಗತಿ. ಹುರುಳಿಕಾಳು, ಅಲಸಂದೆ, ಹೆಸರುಕಾಳು, ಕಡಲೆಕಾಳು ಸರದಿಯ ಮೇಲೆ ಬರುತ್ತಿದ್ದವು. ಹೊಲದ ಬದುವಿನಲ್ಲಿ ನುಗ್ಗೆಮರ ಇತ್ತು, ಸೊಪ್ಪಿಗೆ ದುಡ್ಡು ಕೊಡುವ ಪ್ರಶ್ನೆಯೇ ಇರಲಿಲ್ಲ. ಬೆಳಗಿನ ತಿಂಡಿಯೇ ನನಗೆ ಎಲ್ಲಕ್ಕಿಂತ ತೊಡಕಾದದ್ದು. ಬೆಳಗಿನ ಹೊತ್ತು ಸಕ್ಕರೆ ಸುಲಭವಾಗಿ ಏರುತ್ತಿತ್ತು, ಇಡ್ಲಿ ಮೂರು ತಿಂದರೂ 150ರ ಹತ್ತಿರ. ಹೆಸರುಬೇಳೆ ದೋಸೆ, ಸೊಪ್ಪು ಹಾಕಿದ ಒಂದು ರಾಗಿರೊಟ್ಟಿ ಮತ್ತು ಮೊಟ್ಟೆ, ಇವು ಸರಿಹೋದವು. ಹನ್ನೊಂದು ಗಂಟೆಗೆ ಶಾಲೆಯಲ್ಲಿ ಮೊಳಕೆ ಕಾಳಿನ ಡಬ್ಬಿ. ಮೊಳಕೆಯನ್ನು ಹಸಿಯಾಗಿ ತಿನ್ನದೆ ಆವಿಯಲ್ಲಿ ಬೇಯಿಸಿಕೊಳ್ಳುತ್ತಿದ್ದೆ, ಏಕೆಂದರೆ ಹಸಿ ಮೊಳಕೆಯಲ್ಲಿ ಸೋಂಕಿನ ಭಯವಿದೆ. ನಾಲ್ಕಕ್ಕೆ ಕಡಲೆಕಾಯಿ ಬೀಜ ಅಥವಾ ಸಕ್ಕರೆ ಹಾಕದ ಮೊಸರು. ಮಲಗುವ ಮುನ್ನ ಬರೀ ಹಾಲು. ಬಾಳೆಹಣ್ಣಿನಲ್ಲಿ ಅರ್ಧ. ಅಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ನಂಜನಗೂಡು ರಸಬಾಳೆ ಕಳಿಸಿದಾಗಲೂ ಅರ್ಧವೇ.

ಪರಂಗಿ ಹಣ್ಣಿನ ವಿಷಯದಲ್ಲಿ ಅತ್ತೆಯವರೊಂದಿಗೆ ವಾದಕ್ಕೆ ಹೋಗಲಿಲ್ಲ. ಹಾಲು ಒಸರುವ ಕಾಯಿಯನ್ನು ತಿನ್ನಬಾರದು, ಚೆನ್ನಾಗಿ ಕಳಿತ ಹಣ್ಣಿನಿಂದ ತೊಂದರೆಯಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ಸೀಬೆ ಇರುವಾಗ ಪರಂಗಿಗಾಗಿ ಮನೆಯವರ ನಿದ್ದೆ ಕೆಡಿಸುವುದೇಕೆ? ಕೇಸರಿ ಹಾಲಿನ ವಿಷಯ ಮಾತ್ರ ಸ್ಪಷ್ಟವಾಗಿ ಹೇಳಿದೆ. ಕೂಸಿನ ಬಣ್ಣಕ್ಕೂ ಕೇಸರಿಗೂ ಸಂಬಂಧವಿಲ್ಲ, ಆ ದುಡ್ಡಿನಲ್ಲಿ ಮೊಟ್ಟೆ ತನ್ನಿ ಎಂದೆ.

ನಮ್ಮ ಬೀದಿಯ ಇನ್ನೊಬ್ಬ ಬಸುರಿ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಮಾಡುತ್ತಿದ್ದಳು. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಊಟ ಅದು: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ದಿನಕ್ಕೊಂದು ಮೊಟ್ಟೆ ಖಾತ್ರಿಯಾಗಿ ಸಿಗುವುದು ಎಷ್ಟು ದೊಡ್ಡದು ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಮನೆಯಲ್ಲಿದ್ದರೆ ಅದು ಗಂಡನ ತಟ್ಟೆಗೋ ಮೊದಲ ಮಗುವಿನ ತಟ್ಟೆಗೋ ಹೋಗುತ್ತಿತ್ತು ಎಂದು ಅವಳೇ ಹೇಳಿದಳು.

ತವರಿಗೆ ಹೋದಾಗ ಇನ್ನೊಂದು ವಿಷಯ ತಿಳಿಯಿತು. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997ರಿಂದ ಬಸುರಿಯರ ಸಕ್ಕರೆಯ ಬಗ್ಗೆ ಅಧ್ಯಯನ ನಡೆದು, ಹುಟ್ಟಿದ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸುತ್ತಾ ಬಂದಿದ್ದಾರೆ. ತಾಯಿಗೆ ಸಕ್ಕರೆ ಹೆಚ್ಚಿದ್ದ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಐದನೇ ವರ್ಷಕ್ಕೇ ಚರ್ಮದಡಿಯ ಕೊಬ್ಬು ಹೆಚ್ಚಿದ್ದದ್ದು ಕಂಡುಬಂತು. ಅಲ್ಲಿನ ಬಸುರಿಯರಲ್ಲಿ ಶೇಕಡ 43ರಷ್ಟು ಮಂದಿಗೆ ಬಿ12 ವಿಟಮಿನ್ ಕಡಿಮೆ ಇತ್ತು. ಇದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ, ಕಾಳು-ಸೊಪ್ಪಿನಲ್ಲಿ ಇಲ್ಲ. ಸಸ್ಯಾಹಾರಿಯಾದ ನನ್ನ ಸಹೋದ್ಯೋಗಿಗೆ ಇದನ್ನು ಹೇಳಿದೆ. ಅವರು ಪರೀಕ್ಷೆ ಮಾಡಿಸಿದಾಗ ಕಡಿಮೆಯೇ ಇತ್ತು, ಮಾತ್ರೆ ಶುರು ಮಾಡಿದರು.

ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಬೆಲ್ಲ, ಸಕ್ಕರೆ ಅಚ್ಚು ಬಿಟ್ಟು ಎಳ್ಳು, ಕಡಲೆ, ಕೊಬ್ಬರಿ ಆರಿಸಿ ತಿಂದೆ. ಸೀಮಂತದ ದಿನ ಅಮ್ಮ ತಂದ ಸಿಹಿಗಳನ್ನು ಎದುರಿಗೆ ಇಟ್ಟು ಆರತಿ ಮಾಡಿದರು. ನಾನು ಒಂದು ಹೋಳಿಗೆಯ ಕಾಲು ಭಾಗ ತಿಂದು, ಅನ್ನ ಮುಟ್ಟದೆ ಕೋಸಂಬರಿ, ಪಲ್ಯ ಉಂಡೆ. ಬಂದ ನೆಂಟರಿಗೆ ಉತ್ತರ ಹೇಳುವ ಕೆಲಸವನ್ನು ಅತ್ತೆಯವರೇ ವಹಿಸಿಕೊಂಡರು. "ನಮ್ಮ ಹುಡುಗಿ ಆರು ಹೊತ್ತು ಉಣ್ಣುತ್ತಾಳೆ, ನೀವು ಚಿಂತೆ ಮಾಡಬೇಡಿ" ಎಂದು ಗಟ್ಟಿಯಾಗಿ ಹೇಳುತ್ತಿದ್ದರು.

ಹಿಮೋಗ್ಲೋಬಿನ್ ಎಂಟನೇ ತಿಂಗಳಿಗೆ 11.2ಕ್ಕೆ ಏರಿತು. ಇನ್ಸುಲಿನ್ ಬೇಕಾಗಲಿಲ್ಲ. ಇದನ್ನು ಹೆಮ್ಮೆಯೆಂದು ಬರೆಯುತ್ತಿಲ್ಲ. ನನ್ನಷ್ಟೇ, ಬಹುಶಃ ನನಗಿಂತ ಹೆಚ್ಚು ಕಟ್ಟುನಿಟ್ಟಾಗಿ ಉಂಡ ಇನ್ನೊಬ್ಬ ಶಿಕ್ಷಕಿಗೆ ಒಂಬತ್ತನೇ ತಿಂಗಳಲ್ಲಿ ಇನ್ಸುಲಿನ್ ಬೇಕಾಯಿತು. ಮಾಸಿನ ಹಾರ್ಮೋನು ಎಷ್ಟು ಏರುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಸೂಜಿ ತೆಗೆದುಕೊಂಡ ತಾಯಿಯನ್ನು "ಬಾಯಿ ಕಟ್ಟಲಿಲ್ಲ" ಎಂದು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಾರ್ಚ್‌ನಲ್ಲಿ ಮಗಳು ಹುಟ್ಟಿದಳು, 2.9 ಕಿಲೋ. ಹುಟ್ಟಿದ ಮೇಲೆ ಅವಳ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರು, ಸರಿಯಾಗಿತ್ತು.

ಬಾಣಂತನದ ಊಟ ಮತ್ತೊಂದು ಸುತ್ತಿನ ಮಾತುಕತೆ. ತುಪ್ಪ-ಅನ್ನ, ಮೆಣಸಿನ ಸಾರು ಮಾತ್ರ, ಸೊಪ್ಪು ತಂಪು, ಹಣ್ಣು ಶೀತ ಎಂಬುದು ತವರಿನ ಕಟ್ಟಳೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚಿಗೆ ಬೇಕು, ಬಸುರಿನಲ್ಲಿ ಬೇಕಿದ್ದಕ್ಕಿಂತಲೂ ಹೆಚ್ಚು. ಅದನ್ನೆಲ್ಲ ಅನ್ನದಿಂದಲೇ ತುಂಬಿಸಲು ನಾನು ಒಪ್ಪಲಿಲ್ಲ. ಸಬ್ಬಸಿಗೆ, ನುಗ್ಗೆ ಸೊಪ್ಪು, ಬೇಳೆ, ಮೊಟ್ಟೆ ಮೊದಲ ವಾರದಿಂದಲೇ ಬಂದವು. ಅಮ್ಮನಿಗೆ ಫೋನಿನಲ್ಲಿ ಅಳತೆ ಹೇಳಿಕೊಟ್ಟವರು ಅತ್ತೆಯವರು.

ಹೆರಿಗೆಯಾದ ಆರು ವಾರಕ್ಕೆ ಅದೇ 75 ಗ್ರಾಂ ಗ್ಲೂಕೋಸಿನ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಕೂಸಿನ ಗಡಿಬಿಡಿಯಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಮಗಳನ್ನು ಅಮ್ಮನ ಮಡಿಲಿಗೆ ಹಾಕಿ ಹೋಗಿ ಬಂದೆ. 118 ಬಂತು. ಒಮ್ಮೆ ಬಸುರಿನಲ್ಲಿ ಸಕ್ಕರೆ ಬಂದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು ಇರುವುದರಿಂದ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು ಎಂದು ಡಾಕ್ಟರಮ್ಮ ತಾಯಿ ಕಾರ್ಡಿನ ಕೊನೆಯ ಪುಟದಲ್ಲಿ ಬರೆದು, ಕೆಳಗೆ ಗೆರೆ ಎಳೆದು ಕೊಟ್ಟಿದ್ದಾರೆ.